ಬೈಟ್ ಕಳೆದದ್ದು ಎಲ್ಲಿ? ಆರ್‌ಟಿಓಎಸ್ ಮೇಲೆ ಇಂಟರಪ್ಟ್ ಆಧಾರಿತ ಸೀರಿಯಲ್ ಸಂವಹನದ ದೋಷ ನಿವಾರಣೆ

ಮೇಜಿನ ಮೇಲೆ ಮೂರು ದಿನ ಒಂದೇ ಸಮನೆ ಓಡಿದ ಬೋರ್ಡ್, ಪೆಟ್ಟಿಗೆಯೊಳಗೆ ಸೇರಿದ ಎರಡನೆಯ ದಿನವೇ ಕಿವುಡಾಯಿತು. ಎಲ್‌ಇಡಿ ಮಿನುಗುತ್ತಿತ್ತು. ಬೇರೆ ಟಾಸ್ಕ್‌ಗಳು, ಅಂದರೆ ಸರದಿಯಂತೆ ಓಡುವ ಪ್ರೋಗ್ರಾಂನ ಬೇರೆ ಭಾಗಗಳು, ಜೀವಂತವಾಗಿದ್ದವು. ತಾನು ಕಳುಹಿಸಬೇಕಾದ ಮಾಹಿತಿಯನ್ನೂ ಅದು ಕಳುಹಿಸುತ್ತಲೇ ಇತ್ತು. ಹೊರಗಿನಿಂದ ಬರುವ ಆದೇಶ ಮಾತ್ರ ಅದಕ್ಕೆ ಕೇಳಿಸುತ್ತಿರಲಿಲ್ಲ. ರೀಸೆಟ್ ಒತ್ತಿದರೆ ಎಲ್ಲವೂ ಸರಿ. ಒಂದು ದಿನ ಕಳೆದ ಮೇಲೆ ಮತ್ತೆ ಅದೇ ಕಥೆ.

ನಾನು ಮಾಡಿದ ಮೊದಲ ಕೆಲಸ, ಬಂದ ಬೈಟ್‌ಗಳನ್ನು ಕೂಡಿಡುವ ರಿಂಗ್ ಬಫರನ್ನು 128 ಬೈಟ್‌ಗಳಿಂದ 512ಕ್ಕೆ ಹಿಗ್ಗಿಸಿದ್ದು. ಎರಡನೆಯದು, ಬಾಡ್ ದರವನ್ನು, ಅಂದರೆ ಸೆಕೆಂಡಿಗೆ ತಂತಿ ದಾಟುವ ಬಿಟ್‌ಗಳ ಸಂಖ್ಯೆಯನ್ನು, 115200ರಿಂದ 57600ಕ್ಕೆ ಇಳಿಸಿದ್ದು. ಮೂರನೆಯದು, ಸೀರಿಯಲ್ ಟಾಸ್ಕ್‌ನ ಆದ್ಯತೆಯನ್ನು ಏರಿಸಿದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಪ್ರತಿ ಬದಲಾವಣೆಯ ಫಲ ತಿಳಿಯಲು ಒಂದು ದಿನ ಕಾಯಬೇಕಾಗಿದ್ದರಿಂದ ಒಂದು ವಾರ ಕರಗಿಹೋಯಿತು, ಕೈಗೆ ಹತ್ತಿದ್ದು ಏನೂ ಇಲ್ಲ. ಆ ಬೋರ್ಡಿನ ರೋಗ ಏನೆಂದು ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು, ನಾನು ಆ ವಾರ ಮಾಡದೇ ಬಿಟ್ಟ ಕೆಲಸ ಯಾವುದೆಂದು ನೋಡೋಣ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಕಾರ್ಟೆಕ್ಸ್-ಎಂ ಚಿಪ್ ಮತ್ತು ಫ್ರೀಆರ್‌ಟಿಓಎಸ್ ಜೋಡಿಯನ್ನು ಕುರಿತದ್ದು. ಆರ್‌ಟಿಓಎಸ್ ಎಂದರೆ ಟಾಸ್ಕ್‌ಗಳನ್ನು ಗಡುವಿನೊಳಗೆ ಓಡಿಸಲೆಂದಿರುವ ಚಿಕ್ಕ ಆಪರೇಟಿಂಗ್ ಸಿಸ್ಟಂ, ಅದರ ತಿರುಳೇ ಕರ್ನಲ್. ಬೇರೆ ಕರ್ನಲ್ ಬಳಸುವವರಿಗೆ ಫಂಕ್ಷನ್‌ಗಳ ಹೆಸರು ಬದಲಾಗುತ್ತದೆ, ಬೈಟ್ ಕಳೆದುಹೋಗುವ ಜಾಗಗಳು ಬದಲಾಗುವುದಿಲ್ಲ.

ಮೊದಲು ಎಣಿಸಿ

ಒಂದು ಬೈಟ್ ತಂತಿಯಿಂದ ಹೊರಟು ನಿಮ್ಮ ಪ್ರೋಗ್ರಾಂ ಸೇರುವಷ್ಟರಲ್ಲಿ ಹಲವು ಕೈ ದಾಟುತ್ತದೆ. ತಂತಿಯಿಂದ ಯುಎಆರ್‌ಟಿಯ (ಚಿಪ್‌ನೊಳಗಿನ ಸೀರಿಯಲ್ ಘಟಕದ) ಶಿಫ್ಟ್ ರಿಜಿಸ್ಟರ್‌ಗೆ, ಅಲ್ಲಿಂದ ಡೇಟಾ ರಿಜಿಸ್ಟರ್‌ಗೆ, ಇಂಟರಪ್ಟ್ ಹ್ಯಾಂಡ್ಲರ್ (ಬೈಟ್ ಬಂದೊಡನೆ ನಡೆಯುತ್ತಿರುವ ಕೆಲಸವನ್ನು ತಡೆದು ಓಡುವ ಫಂಕ್ಷನ್) ಅದನ್ನು ಎತ್ತಿ ಬಫರ್‌ಗೆ, ಟಾಸ್ಕ್ ಬಫರ್‌ನಿಂದ ತೆಗೆದು ಸಂದೇಶ ಬಿಡಿಸುವ ಭಾಗಕ್ಕೆ. ಪ್ರತಿ ಕೈಬದಲಿನಲ್ಲೂ ಒಂದು ಕೌಂಟರ್ ಇಡಿ. ಹ್ಯಾಂಡ್ಲರ್ ಓದಿದ ಬೈಟ್‌ಗಳು. ಓವರ್‌ರನ್ (ಹಿಂದಿನ ಬೈಟ್ ಎತ್ತುವ ಮೊದಲೇ ಮುಂದಿನದು ಬಂದದ್ದು), ಫ್ರೇಮಿಂಗ್ (ಸ್ಟಾಪ್ ಬಿಟ್ ಇರಬೇಕಾದಲ್ಲಿ ಕಾಣದ್ದು) ಮತ್ತು ನಾಯ್ಸ್ ದೋಷಗಳು ಬೇರೆಬೇರೆಯಾಗಿ. ಬಫರ್ ತುಂಬಿದ್ದರಿಂದ ಎಸೆದ ಬೈಟ್‌ಗಳು. ಟಾಸ್ಕ್ ತೆಗೆದುಕೊಂಡ ಬೈಟ್‌ಗಳು. ಸರಿಯಿದ್ದ ಸಂದೇಶಗಳು ಮತ್ತು ಸಿಆರ್‌ಸಿ (ಸಂದೇಶ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ತಪ್ಪಿದ ಸಂದೇಶಗಳು. ಎಲ್ಲವೂ ಸಾದಾ 32 ಬಿಟ್ ಚರಗಳು, ಒಂದೊಂದಕ್ಕೂ ಬರೆಯುವವರು ಒಬ್ಬರೇ. ಕಾರ್ಟೆಕ್ಸ್-ಎಂನಲ್ಲಿ ನಾಲ್ಕು ಬೈಟ್‌ಗಳ ಗಡಿಗೆ ಜೋಡಿಸಿದ 32 ಬಿಟ್ ಓದು ಒಂದೇ ಏಟಿಗೆ ಮುಗಿಯುವುದರಿಂದ ಬೀಗ ಬೇಕಿಲ್ಲ. ಎಂಟು ಬಿಟ್‌ನ ಎವಿಆರ್‌ನಲ್ಲಾದರೆ ಓದುವಷ್ಟು ಹೊತ್ತು ಇಂಟರಪ್ಟ್ ತಡೆಯಲೇಬೇಕು. ಇಲ್ಲದಿದ್ದರೆ ಅರ್ಧ ಹಳೆಯ, ಅರ್ಧ ಹೊಸ ಸಂಖ್ಯೆ ಸಿಗುತ್ತದೆ.

ಆಚೆಯ ತುದಿಯಿಂದ 0ಯಿಂದ 255ರವರೆಗಿನ ಬೈಟ್‌ಗಳನ್ನು ಸುತ್ತಿ ಸುತ್ತಿ ಕಳುಹಿಸಿ, ಒಟ್ಟು ಎಷ್ಟು ಹೋಯಿತು ಎಂದು ಅಲ್ಲೂ ಎಣಿಸಿ. ಯಾವ ಎರಡು ಕೌಂಟರ್‌ಗಳ ನಡುವೆ ಲೆಕ್ಕ ತಪ್ಪುತ್ತದೆಯೋ ದೋಷ ಅಲ್ಲೇ ಇದೆ. ಫ್ರೇಮಿಂಗ್ ದೋಷ ಏರಿದರೆ ತಂತಿ ಅಥವಾ ಗಡಿಯಾರ. ಓವರ್‌ರನ್ ಏರಿದರೆ ಹ್ಯಾಂಡ್ಲರ್ ತಡವಾಗಿ ಬರುತ್ತಿದೆ. ಎಸೆದ ಬೈಟ್‌ಗಳು ಏರಿದರೆ ಟಾಸ್ಕ್ ತಡವಾಗಿ ಬರುತ್ತಿದೆ. ಬೈಟ್‌ಗಳೆಲ್ಲ ಸರಿಯಾಗಿ ತಲುಪಿಯೂ ಸಂದೇಶ ಕೆಟ್ಟಿದ್ದರೆ ತಪ್ಪು ನಿಮ್ಮ ಬಿಡಿಸುವ ಕೋಡಿನದು. ಯುಎಆರ್‌ಟಿಯನ್ನು ಬೈಯುವುದು ಬಿಡಿ. ಇನ್ನು, ದೋಷದ ಕೌಂಟರ್‌ಗಳೂ ಸೇರಿ ಎಲ್ಲವೂ ಒಂದೇ ಕ್ಷಣದಲ್ಲಿ ಹೆಪ್ಪುಗಟ್ಟಿ ನಿಂತರೆ, ಬೈಟ್ ಕಳೆಯುತ್ತಿಲ್ಲ, ಸ್ವೀಕರಿಸುವ ಕೆಲಸವೇ ನಿಂತಿದೆ ಎಂದರ್ಥ. ಈ ಕೊನೆಯದು ಬೇರೆಯೇ ಜಾತಿಯ ರೋಗ.

ಕೌಂಟರ್‌ಗಳನ್ನು ಪ್ರಿಂಟ್ ಮಾಡುತ್ತಾ ನೋಡುವ ಆಸೆ ಎಲ್ಲರಿಗೂ ಬರುತ್ತದೆ. 115200 ಬಾಡ್‌ನಲ್ಲಿ ಒಂದು ಬೈಟ್‌ಗೆ ಸ್ಟಾರ್ಟ್ ಬಿಟ್, ಎಂಟು ದತ್ತ ಬಿಟ್, ಸ್ಟಾಪ್ ಬಿಟ್ ಸೇರಿ ಹತ್ತು ಬಿಟ್, ಅಂದರೆ ಸುಮಾರು 86.8 ಮೈಕ್ರೋಸೆಕೆಂಡ್. ಅರವತ್ತು ಅಕ್ಷರದ ಒಂದು ಸಾಲನ್ನು ಕಾದು ನಿಂತು ಕಳುಹಿಸಿದರೆ 5 ಮಿಲಿಸೆಕೆಂಡ್ ದಾಟುತ್ತದೆ. ಅದೂ ಹ್ಯಾಂಡ್ಲರ್ ಒಳಗಿನಿಂದ ಮಾಡಿದರೆ, ನೀವು ಹುಡುಕುತ್ತಿರುವ ದೋಷವನ್ನು ನೀವೇ ತಯಾರಿಸುತ್ತಿದ್ದೀರಿ. ಹ್ಯಾಂಡ್ಲರ್‌ನಲ್ಲಿ ಎಣಿಸಿ, ಕಡಿಮೆ ಆದ್ಯತೆಯ ಟಾಸ್ಕ್ ಒಂದರಿಂದ ಸೆಕೆಂಡಿಗೊಮ್ಮೆ ಹೇಳಿಸಿ.

ತಂತಿ ಮತ್ತು ಗಡಿಯಾರ

ಈ ಭಾಗವನ್ನು ಬೇಗ ಮುಗಿಸಬಹುದು, ಆದರೆ ಹಾರಿಸಬಾರದು. ಟಿಎಕ್ಸ್ (ಕಳುಹಿಸುವ ಪಿನ್) ಆಚೆಯ ಆರ್‌ಎಕ್ಸ್‌ಗೆ (ಸ್ವೀಕರಿಸುವ ಪಿನ್‌ಗೆ) ಹೋಗಿದೆಯೇ, ಗ್ರೌಂಡ್ ಎರಡಕ್ಕೂ ಒಂದೇ ಇದೆಯೇ, ಒಂದು ಕಡೆ 3.3 ವೋಲ್ಟ್ ಲಾಜಿಕ್ ಇದ್ದು ಇನ್ನೊಂದು ಕಡೆ ಆರ್‌ಎಸ್-232 ಮಟ್ಟವಿಲ್ಲವಷ್ಟೆ, ನೋಡಿ. ಆಚೆಯ ಸಾಧನ ಬಿಚ್ಚಿದಾಗ ಆರ್‌ಎಕ್ಸ್ ಪಿನ್ ತೇಲುತ್ತಿದ್ದರೆ ಗಾಳಿಯಲ್ಲಿನ ಗದ್ದಲವೂ ಸ್ಟಾರ್ಟ್ ಬಿಟ್‌ನಂತೆ ಕಾಣುತ್ತದೆ, ಪುಲ್-ಅಪ್ (ಪಿನ್ನನ್ನು ಮೇಲಿನ ಮಟ್ಟದಲ್ಲಿ ಹಿಡಿದಿಡುವ ರೆಸಿಸ್ಟರ್) ಕೊಡಿ.

ಬಾಡ್ ದರ ಪರೀಕ್ಷಿಸಲು ದೊಡ್ಡ ಅಕ್ಷರದ ಇಂಗ್ಲಿಷ್ 'ಯು'ವನ್ನು ಎಡೆಬಿಡದೆ ಕಳುಹಿಸಿ. ಅದರ ಬಿಟ್‌ಗಳು ಒಂದು ಬಿಟ್ಟು ಒಂದು ಬದಲಾಗುವುದರಿಂದ ಸ್ಟಾರ್ಟ್, ಸ್ಟಾಪ್ ಸೇರಿ ತಂತಿಯ ಮೇಲೆ ಶುದ್ಧ ಚೌಕ ಅಲೆ ಸಿಗುತ್ತದೆ. 115200ರಲ್ಲಿ ಅದು 57.6 ಕಿಲೋಹರ್ಟ್ಸ್ ತೋರಿಸಬೇಕು. ಎರಡು ತುದಿಗಳ ನಡುವಿನ ವ್ಯತ್ಯಾಸ ಒಟ್ಟು ಐದು ಶೇಕಡಾ ಹತ್ತಿರ ಬಂದರೆ ಕೊನೆಯ ಬಿಟ್ ಓದುವ ಹೊತ್ತಿಗೆ ಅರ್ಧ ಬಿಟ್‌ನಷ್ಟು ಜಾರಿರುತ್ತದೆ, ಆದ್ದರಿಂದ ಒಂದೊಂದು ತುದಿಗೂ ಎರಡು ಶೇಕಡಾ ಮೀರದಂತೆ ನೋಡಿಕೊಳ್ಳುವುದು ಒಳ್ಳೆಯದು. ಇದು ಬರಿಯ ಸಿದ್ಧಾಂತವಲ್ಲ: 16 ಮೆಗಾಹರ್ಟ್ಸ್‌ನಲ್ಲಿ ಓಡುವ ಎಟಿಮೆಗಾ328ಪಿಗೆ ಸಾಮಾನ್ಯ ಕ್ರಮದಲ್ಲಿ 115200 ಕೇಳಿದರೆ ಸಿಗುವುದು 111111, ಅಂದರೆ 3.5 ಶೇಕಡಾ ಕಡಿಮೆ. ಇಮ್ಮಡಿ ವೇಗದ ಬಿಟ್ ಹಾಕಿದರೆ 117647, ಅಂದರೆ 2.1 ಶೇಕಡಾ ಹೆಚ್ಚು. ಯಾವುದೂ ಹೇಳಿಕೊಳ್ಳುವಂತಿಲ್ಲ.

ಇಲ್ಲೊಂದು ಬಲೆ ಇದೆ. ಬೋರ್ಡಿನದೇ ಟಿಎಕ್ಸ್ ಮತ್ತು ಆರ್‌ಎಕ್ಸ್‌ಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ ಪರೀಕ್ಷಿಸುವುದು ರೂಢಿ. ಆ ಪರೀಕ್ಷೆ ಗಡಿಯಾರದ ದೋಷವನ್ನು ಎಂದಿಗೂ ಹಿಡಿಯದು, ಏಕೆಂದರೆ ಹೇಳುವವನೂ ಕೇಳುವವನೂ ಒಂದೇ ತಪ್ಪು ಗಡಿಯಾರ ಕಟ್ಟಿಕೊಂಡಿದ್ದಾರೆ. ಕ್ರಿಸ್ಟಲ್ ಇಲ್ಲದೆ ಒಳಗಿನ ಆರ್‌ಸಿ ಆಸಿಲೇಟರ್ ನೆಚ್ಚಿಕೊಂಡ ಬೋರ್ಡ್‌ಗಳು ಪೆಟ್ಟಿಗೆಯೊಳಗೆ ಬಿಸಿಯಾದ ಮೇಲೆ ಕೆಡುವುದನ್ನು ಹೀಗೆ ಮೇಜಿನ ಮೇಲೆ ಕಾಣಲು ಸಾಧ್ಯವೇ ಇಲ್ಲ.

ಹ್ಯಾಂಡ್ಲರ್‌ಗೆ ಕಾಲೇ ಇಡುತ್ತಿಲ್ಲ

ಮೊದಲ ಕೌಂಟರ್ ಸೊನ್ನೆಯಲ್ಲೇ ಇದ್ದರೆ ಸಾಧ್ಯತೆಗಳು ಕೆಲವೇ. ಯುಎಆರ್‌ಟಿಯೊಳಗೆ ಇಂಟರಪ್ಟ್ ಬಿಟ್ ಹಾಕಿ ಎನ್‌ವಿಐಸಿಯಲ್ಲಿ (ಚಿಪ್‌ನ ಇಂಟರಪ್ಟ್ ನಿಯಂತ್ರಕದಲ್ಲಿ) ಅನುಮತಿ ಕೊಡುವುದನ್ನು ಮರೆತಿರುವುದು, ಅಥವಾ ಅದರ ತಿರುವುಮುರುವು. ಇನ್ನೊಂದು, ಹ್ಯಾಂಡ್ಲರ್ ಹೆಸರಿನಲ್ಲಿ ಒಂದಕ್ಷರ ತಪ್ಪಿರುವುದು. ವೆಕ್ಟರ್ ಪಟ್ಟಿಯ (ಹ್ಯಾಂಡ್ಲರ್‌ಗಳ ವಿಳಾಸಗಳ ಪಟ್ಟಿಯ) ಹೆಸರುಗಳು ದುರ್ಬಲ ಚಿಹ್ನೆಗಳಾಗಿರುವುದರಿಂದ, ಅಂದರೆ ನೀವು ಬರೆಯದಿದ್ದಲ್ಲಿ ಡೀಫಾಲ್ಟ್ ಒಂದು ತುಂಬಿಕೊಳ್ಳುವುದರಿಂದ, ಲಿಂಕರ್ ದೂರು ಹೇಳುವುದಿಲ್ಲ. ಮೊದಲ ಬೈಟ್ ಬಂದೊಡನೆ ಚಿಪ್ ಹೋಗಿ ಡೀಫಾಲ್ಟ್ ಹ್ಯಾಂಡ್ಲರ್‌ನ ಕೊನೆಯಿಲ್ಲದ ಸುತ್ತಿನಲ್ಲಿ ಕೂರುತ್ತದೆ. ಫೈಲ್ ಸಿ++ ಆಗಿದ್ದು ಹ್ಯಾಂಡ್ಲರ್‌ಗೆ ಸಿ ಲಿಂಕೇಜ್ ಕೊಡದಿದ್ದರೂ ಇದೇ ಫಲ, ಏಕೆಂದರೆ ಕಂಪೈಲರ್ ಹೆಸರನ್ನು ತನಗೆ ಬೇಕಾದಂತೆ ತಿರುಚಿರುತ್ತದೆ.

ಫ್ರೀಆರ್‌ಟಿಓಎಸ್‌ಗೇ ವಿಶಿಷ್ಟವಾದ ಕಾರಣವೊಂದಿದೆ, ಗೊತ್ತಿಲ್ಲದವರನ್ನು ಅರ್ಧ ದಿನ ಕಾಡುತ್ತದೆ. ಶೆಡ್ಯೂಲರ್ (ಯಾವ ಟಾಸ್ಕ್ ಓಡಬೇಕೆಂದು ನಿರ್ಧರಿಸುವ ಭಾಗ) ಆರಂಭವಾಗುವ ಮೊದಲು ಕ್ಯೂ (ಟಾಸ್ಕ್‌ಗೆ ಮಾಹಿತಿ ದಾಟಿಸುವ ಸಾಲು) ಅಥವಾ ಟಾಸ್ಕ್ ಸೃಷ್ಟಿಸಿದರೆ ಕರ್ನಲ್ ತನ್ನ ವಶದಲ್ಲಿರುವ ಇಂಟರಪ್ಟ್‌ಗಳನ್ನು ಮುಚ್ಚಿ, ಶೆಡ್ಯೂಲರ್ ಓಡುವವರೆಗೂ ಹಾಗೆಯೇ ಇಡುತ್ತದೆ. ಇದು ದೋಷವಲ್ಲ; ಅರೆಬೆಂದ ಕರ್ನಲ್ ಒಳಗೆ ಇಂಟರಪ್ಟ್ ನುಗ್ಗದಿರಲೆಂದು ಬೇಕೆಂದೇ ಮಾಡಿದ ವ್ಯವಸ್ಥೆ. ಆದರೆ ಕ್ಯೂ ಸೃಷ್ಟಿಸಿದ ಮೇಲೆ, ಶೆಡ್ಯೂಲರ್ ಶುರುವಾಗುವ ಮುನ್ನ, ಮಾಡ್ಯೂಲ್ ಒಂದಕ್ಕೆ ಆದೇಶ ಕಳುಹಿಸಿ ಉತ್ತರಕ್ಕೆ ಕಾಯುವ ಕೋಡ್ ಬರೆದಿದ್ದರೆ ಆ ಉತ್ತರ ಬರುವುದೇ ಇಲ್ಲ. ಅಂಥ ಸಂಭಾಷಣೆಯನ್ನು ಟಾಸ್ಕ್ ಒಳಗೆ ಸರಿಸಿ.

ಆದ್ಯತೆಯ ತಲೆಕೆಳಗು

ನನಗೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊನೆಗೆ ಇಲ್ಲಿಗೇ ಬಂದು ನಿಂತಿವೆ. ಲಕ್ಷಣ ಹೀಗಿರುತ್ತದೆ: ನಿಧಾನವಾಗಿ ಬೈಟ್ ಬಂದರೆ ಸರಿ, ವೇಗ ಹೆಚ್ಚಿದಂತೆ ಯಾವುದೋ ಸಂಬಂಧವಿಲ್ಲದ ಜಾಗದಲ್ಲಿ ಹಾರ್ಡ್ ಫಾಲ್ಟ್ (ಸಿಪಿಯು ಮುಂದುವರಿಯಲಾಗದ ದೋಷ), ಇಲ್ಲವೇ ಕರ್ನಲ್‌ನ ಪಟ್ಟಿಗಳೊಳಗೆ ಕೊನೆಯಿಲ್ಲದ ಸುತ್ತು. ಪ್ರತಿ ಸಲವೂ ಬೇರೆ ಜಾಗ.

ಕಾರ್ಟೆಕ್ಸ್-ಎಂನಲ್ಲಿ ಇಂಟರಪ್ಟ್ ಆದ್ಯತೆಯ ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು. ಸೊನ್ನೆ ಎಲ್ಲಕ್ಕೂ ಮೇಲು. ಫ್ರೀಆರ್‌ಟಿಓಎಸ್ ಟಾಸ್ಕ್‌ಗಳಲ್ಲಿ ಇದು ತಿರುಗುಮುರುಗು, ಅಲ್ಲಿ ಸೊನ್ನೆ ಎಲ್ಲಕ್ಕೂ ಕೆಳಗು. ಒಂದೇ ಪ್ರಾಜೆಕ್ಟಿನಲ್ಲಿ ಎರಡು ಪದ್ಧತಿ ಇಟ್ಟುಕೊಂಡ ಮೇಲೆ ಗೊಂದಲವಾಗದಿದ್ದರೆ ಆಶ್ಚರ್ಯ. ಎಂ3, ಎಂ4, ಎಂ7 ಚಿಪ್‌ಗಳಲ್ಲಿ ಕರ್ನಲ್ ತನ್ನ ಸೂಕ್ಷ್ಮ ಕೆಲಸಗಳ ವೇಳೆ ಬೇಸ್‌ಪ್ರಿ ರಿಜಿಸ್ಟರ್ ಮೂಲಕ ಒಂದು ಗಡಿಯ ಕೆಳಗಿನ ಇಂಟರಪ್ಟ್‌ಗಳನ್ನಷ್ಟೇ ತಡೆಯುತ್ತದೆ. ಆ ಗಡಿ 'ಮ್ಯಾಕ್ಸ್ ಸಿಸ್ಕಾಲ್ ಇಂಟರಪ್ಟ್ ಪ್ರಯಾರಿಟಿ' ಎಂಬ ಸಂರಚನೆಯಲ್ಲಿ ಇರುತ್ತದೆ. ಗಡಿಗಿಂತ ಮೇಲಿನವು ಕರ್ನಲ್ ಪಟ್ಟಿಗಳನ್ನು ತಿದ್ದುತ್ತಿರುವಾಗಲೂ ನುಗ್ಗಬಲ್ಲವು, ಹಾಗಾಗಿ ಅವು ಕರ್ನಲ್‌ನ ಯಾವ ಫಂಕ್ಷನ್ ಅನ್ನೂ ಕರೆಯಬಾರದು, ಹ್ಯಾಂಡ್ಲರ್‌ನಿಂದ ಕರೆಯಲೆಂದೇ ಇರುವ, ಹೆಸರಿನ ಕೊನೆಯಲ್ಲಿ 'ಫ್ರಮ್‌ಐಎಸ್‌ಆರ್' ಎಂದಿರುವುದನ್ನೂ ಸಹ.

ಬಹಳ ಎಸ್‌ಟಿಎಂ32 ಪ್ರಾಜೆಕ್ಟ್‌ಗಳಲ್ಲಿ ಈ ಗಡಿ 5. ಆದ್ಯತೆ 5ರಿಂದ 15ರವರೆಗಿನವು ಕರ್ನಲ್ ಜೊತೆ ಮಾತಾಡಬಹುದು, 0ಯಿಂದ 4ರವರೆಗಿನವು ಮಾತಾಡುವಂತಿಲ್ಲ. ಈಗ ಒಂದು ಸಂಗತಿ ಗಮನಿಸಿ: ನೀವು ಆದ್ಯತೆಯನ್ನು ನಿಗದಿಪಡಿಸದೇ ಬಿಟ್ಟರೆ ರೀಸೆಟ್ ನಂತರ ಪ್ರತಿ ಇಂಟರಪ್ಟ್‌ನ ಆದ್ಯತೆಯೂ ಸೊನ್ನೆ. ಅಂದರೆ ಏನನ್ನೂ ಮಾಡದಿರುವುದೇ ಇಲ್ಲಿ ತಪ್ಪು. ಜೊತೆಗೆ, ಈ ಚಿಪ್‌ಗಳು ಎಂಟು ಬಿಟ್‌ನ ಜಾಗದಲ್ಲಿ ಮೇಲಿನ ನಾಲ್ಕನ್ನಷ್ಟೇ ಬಳಸುವುದರಿಂದ ಹಾರ್ಡ್‌ವೇರ್ ನೋಡುವ 5 ನಿಜವಾಗಿ 80. ಸಂರಚನೆಯಲ್ಲಿ ಸರಿಸದ 5 ಅನ್ನೇ ಬರೆದರೆ ಮೇಲಿನ ನಾಲ್ಕು ಬಿಟ್ ಸೊನ್ನೆಯಾಗಿ, ಬೇಸ್‌ಪ್ರಿ ಏನನ್ನೂ ತಡೆಯದ ಸ್ಥಿತಿಗೆ ಹೋಗುತ್ತದೆ. ಆದ್ಯತೆಯ ಬಿಟ್‌ಗಳೆಲ್ಲವನ್ನೂ ಪ್ರೀಎಂಪ್ಷನ್‌ಗೇ (ಒಂದು ಇಂಟರಪ್ಟ್ ಇನ್ನೊಂದನ್ನು ತಡೆದು ನುಗ್ಗುವುದಕ್ಕೇ) ಮೀಸಲಿಡಬೇಕು, ಉಪ ಆದ್ಯತೆಗೆ ಹಂಚಬಾರದು.

ಇದನ್ನೆಲ್ಲ ಕಣ್ಣಿನಿಂದ ಹುಡುಕುವ ಬದಲು 'ಕಾನ್ಫಿಗ್‌ಅಸರ್ಟ್' ಚಾಲೂ ಮಾಡಿ. ಕರ್ನಲ್ ತಾನೇ ಪ್ರತಿ ಫ್ರಮ್‌ಐಎಸ್‌ಆರ್ ಕರೆಯಲ್ಲೂ ಆದ್ಯತೆ ಪರಿಶೀಲಿಸಿ, ತಪ್ಪಿದ್ದರೆ ಅಲ್ಲೇ ನಿಲ್ಲಿಸುತ್ತದೆ. ಅಸರ್ಟ್ ಆಫ್ ಮಾಡಿಕೊಂಡು ಆರ್‌ಟಿಓಎಸ್ ದೋಷ ಹುಡುಕುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಎಂ0 ಚಿಪ್‌ನಲ್ಲಿ ಬೇಸ್‌ಪ್ರಿ ಇಲ್ಲ. ಅಲ್ಲಿ ಕರ್ನಲ್ ಎಲ್ಲ ಇಂಟರಪ್ಟ್‌ಗಳನ್ನೂ ಮುಚ್ಚುತ್ತದೆ, ಆದ್ದರಿಂದ ಈ ಗೋಳು ಇಲ್ಲ.

ಓವರ್‌ರನ್: ಹಿಡಿದು ನಿಲ್ಲಿಸಿದವರು ಯಾರು?

ಫಿಫೋ (ಹಲವು ಬೈಟ್ ಹಿಡಿಯುವ ಸಣ್ಣ ಸಾಲು) ಇಲ್ಲದ ಯುಎಆರ್‌ಟಿಯಲ್ಲಿ ಡೇಟಾ ರಿಜಿಸ್ಟರ್ ಒಂದು ಬೈಟ್ ಹಿಡಿದಿರುವಾಗ ಶಿಫ್ಟ್ ರಿಜಿಸ್ಟರ್ ಮುಂದಿನದನ್ನು ತುಂಬುತ್ತಿರುತ್ತದೆ. ಅದು ತುಂಬುವುದರೊಳಗೆ ಮೊದಲನೆಯದನ್ನು ಎತ್ತಬೇಕು. 115200ರಲ್ಲಿ ನಿಮಗಿರುವ ಗಡುವು ಅದೇ 86.8 ಮೈಕ್ರೋಸೆಕೆಂಡ್. ಅಷ್ಟು ಹೊತ್ತು ಯಾರೇ ಹ್ಯಾಂಡ್ಲರನ್ನು ಹೊರಗೆ ನಿಲ್ಲಿಸಿದರೂ ಬೈಟ್ ಹೋಯಿತು. ಬಫರ್ 512 ಇರಲಿ 5000 ಇರಲಿ, ಬಫರ್ ತಲುಪುವ ಮೊದಲೇ ಹೋದದ್ದಕ್ಕೆ ಬಫರ್ ಏನು ಮಾಡೀತು?

ಅಳೆಯಲು ಮೂರು ಪಿನ್ ಸಾಕು. ಹ್ಯಾಂಡ್ಲರ್ ಒಳಗೆ ಹೋಗುವಾಗ ಒಂದು ಪಿನ್ ಮೇಲೆತ್ತಿ, ಹೊರಬರುವಾಗ ಇಳಿಸಿ. ಟಾಸ್ಕ್ ಎಚ್ಚರವಾದಾಗ ಇನ್ನೊಂದು ಪಿನ್. ಸಂಶಯವಿರುವ ಕ್ರಿಟಿಕಲ್ ಸೆಕ್ಷನ್ (ಇಂಟರಪ್ಟ್ ತಡೆದು ಓಡಿಸುವ ಕೋಡ್) ಅಥವಾ ಬೇರೆ ಹ್ಯಾಂಡ್ಲರ್‌ಗೆ ಮೂರನೆಯದು. ಆರ್‌ಎಕ್ಸ್ ತಂತಿಯ ಜೊತೆ ಈ ಮೂರನ್ನೂ ಲಾಜಿಕ್ ಅನಲೈಸರ್‌ಗೆ ಕೊಡಿ. ಸ್ಟಾಪ್ ಬಿಟ್‌ಗೂ ಹ್ಯಾಂಡ್ಲರ್ ಪಿನ್ ಏಳುವುದಕ್ಕೂ ನಡುವೆ ಉದ್ದನೆಯ ಖಾಲಿ ಜಾಗ ಕಂಡರೆ ಆ ಹೊತ್ತಿನಲ್ಲಿ ಎದ್ದಿದ್ದ ಪಿನ್ ಯಾವುದೋ ಅದೇ ಅಪರಾಧಿ. ಓವರ್‌ರನ್ ಕೌಂಟರ್ ಏರಿದಾಗ ಇನ್ನೊಂದು ಪಿನ್ ಮಿಡಿಸಿ ಅದನ್ನೇ ಟ್ರಿಗರ್ ಆಗಿ ಇಟ್ಟರೆ ದಿನಕ್ಕೊಮ್ಮೆ ಬರುವ ಘಟನೆಯನ್ನೂ ಹಿಡಿಯಬಹುದು.

ಸಾಮಾನ್ಯವಾಗಿ ಸಿಕ್ಕಿಬೀಳುವವರು: ಎಸ್‌ಪಿಐ ಮೂಲಕ ಪರದೆಗೆ ಚಿತ್ರ ಬರೆಯುವ ಕೆಲಸವನ್ನು ಇಡಿಯಾಗಿ ಕ್ರಿಟಿಕಲ್ ಸೆಕ್ಷನ್ ಒಳಗೆ ಇಟ್ಟವರು, ಅದೇ ಅಥವಾ ಮೇಲಿನ ಆದ್ಯತೆಯ ಟೈಮರ್ ಹ್ಯಾಂಡ್ಲರ್‌ನಲ್ಲಿ ದಶಮಾಂಶ ಲೆಕ್ಕ ಮಾಡುವವರು, ಮತ್ತು ಫ್ಲ್ಯಾಶ್ ಅಳಿಸುವವರು. ಈ ಮೂರನೆಯವರ ಮುಂದೆ ಆದ್ಯತೆಯ ಯಾವ ಆಟವೂ ನಡೆಯದು. ಒಂದೇ ಬ್ಯಾಂಕಿನ ಫ್ಲ್ಯಾಶ್‌ನಿಂದ ಕೋಡ್ ಓಡುತ್ತಿರುವಾಗ ಅದೇ ಫ್ಲ್ಯಾಶ್‌ನ ಒಂದು ಸೆಕ್ಟರ್ ಅಳಿಸಿದರೆ, ಮುಂದಿನ ಸೂಚನೆ ತರಲಾಗದೆ ಸಿಪಿಯು ನಿಂತುಬಿಡುತ್ತದೆ. ಎಸ್‌ಟಿಎಂ32ಎಫ್4 ಸರಣಿಯ 128 ಕಿಲೋಬೈಟ್ ಸೆಕ್ಟರ್ ಅಳಿಸಲು ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ. ಆ ಒಂದು ಸೆಕೆಂಡಿನಲ್ಲಿ 115200ರಲ್ಲಿ 11520 ಬೈಟ್‌ಗಳು ಬಂದು ಹೋಗಬಹುದು.

ಪರಿಹಾರ ಕಾರಣವನ್ನು ಅವಲಂಬಿಸಿದೆ. ಕ್ರಿಟಿಕಲ್ ಸೆಕ್ಷನ್ ಉದ್ದವಿದ್ದರೆ ಮ್ಯೂಟೆಕ್ಸ್‌ಗೆ (ಇಂಟರಪ್ಟ್ ತಡೆಯದೆ ಟಾಸ್ಕ್‌ಗಳನ್ನಷ್ಟೇ ಕಾಯಿಸುವ ಬೀಗಕ್ಕೆ) ಬದಲಿಸಿ. ಅದು ಆಗದಿದ್ದರೆ ಯುಎಆರ್‌ಟಿ ಹ್ಯಾಂಡ್ಲರನ್ನು ಕರ್ನಲ್ ಗಡಿಯ ಮೇಲಕ್ಕೆ ಒಯ್ದು, ಅಲ್ಲಿ ಕೈಯಾರೆ ಬರೆದ ರಿಂಗ್ ಬಫರ್‌ಗಷ್ಟೇ ತುಂಬಿ, ಟಾಸ್ಕ್‌ಗೆ ಸುದ್ದಿ ಮುಟ್ಟಿಸುವುದನ್ನು ಸಾಫ್ಟ್‌ವೇರಿನಿಂದ ಎಬ್ಬಿಸಿದ ಕೆಳ ಆದ್ಯತೆಯ ಇನ್ನೊಂದು ಇಂಟರಪ್ಟ್‌ಗೆ ಬಿಡಿ. ಬೈಟ್‌ಗಳು ಗೊಂಚಲಾಗಿ ಬರುವ ಕಡೆ ಡಿಎಂಎ (ಸಿಪಿಯು ನೆರವಿಲ್ಲದೆ ಬೈಟ್‌ಗಳನ್ನು ಮೆಮೊರಿಗೆ ಸಾಗಿಸುವ ಘಟಕ) ಜೊತೆ ಐಡಲ್ ಲೈನ್ ಇಂಟರಪ್ಟ್ (ತಂತಿ ಸುಮ್ಮನಾದಾಗ ಬರುವುದು) ನನ್ನ ಮೊದಲ ಆಯ್ಕೆ. ಫ್ಲ್ಯಾಶ್ ಅಳಿಸುವಾಗಲೂ ಡಿಎಂಎ ತನ್ನಷ್ಟಕ್ಕೆ ರ‍್ಯಾಮ್‌ಗೆ ತುಂಬುತ್ತಿರುತ್ತದೆ, ಅದರ ಸುತ್ತು ಬಫರ್ ಆ ಅವಧಿಗೆ ಸಾಲುವಷ್ಟು ದೊಡ್ಡದಿದ್ದರೆ. ಡೇಟಾ ಕ್ಯಾಷ್ (ಮೆಮೊರಿಯ ನಕಲು ಇಟ್ಟುಕೊಳ್ಳುವ ವೇಗದ ಜಾಗ) ಇರುವ ಎಂ7 ಚಿಪ್‌ಗೆ ಡಿಎಂಎ ತಂದರೆ ಬಫರನ್ನು 32 ಬೈಟ್ ಗಡಿಗೆ ಜೋಡಿಸಿ, ಓದುವ ಮುನ್ನ ಕ್ಯಾಷ್ ಅಮಾನ್ಯಗೊಳಿಸಬೇಕು. ಇಲ್ಲದಿದ್ದರೆ ಹಳೆಯ ಬೈಟ್‌ಗಳೇ ಮತ್ತೆ ಮತ್ತೆ ಕಾಣುತ್ತವೆ.

ಓವರ್‌ರನ್ ಆದ ಮೇಲೆ ಏನಾಗುತ್ತದೆ

ಒಂದು ಬೈಟ್ ಕಳೆದರೆ ಒಂದು ಸಂದೇಶ ಕೆಡಬೇಕು, ಸಿಆರ್‌ಸಿ ತಪ್ಪಬೇಕು, ಆಚೆಯವನು ಮತ್ತೆ ಕಳುಹಿಸಬೇಕು. ಅಷ್ಟೇ ಆಗಿದ್ದರೆ ಯಾರೂ ನಿದ್ದೆಗೆಡುತ್ತಿರಲಿಲ್ಲ. ಆಗುವುದು ಬೇರೆ.

ಹ್ಯಾಂಡ್ಲರ್ ನೀವೇ ಬರೆದದ್ದಾದರೆ: ಎಸ್‌ಟಿಎಂ32ನಲ್ಲಿ ಸ್ವೀಕಾರದ ಇಂಟರಪ್ಟ್ ಅನುಮತಿಸುವ ಬಿಟ್, ಓವರ್‌ರನ್ ಇಂಟರಪ್ಟ್ ಅನ್ನೂ ಜೊತೆಯಲ್ಲೇ ಅನುಮತಿಸುತ್ತದೆ. ಹ್ಯಾಂಡ್ಲರ್ 'ಬೈಟ್ ಬಂದಿದೆಯೇ' ಎಂದಷ್ಟೇ ಕೇಳಿ, ಇಲ್ಲವೆಂದು ಹೊರಬಂದರೆ ಓವರ್‌ರನ್ ಗುರುತು ಹಾಗೆಯೇ ಉಳಿದು ಮರುಕ್ಷಣವೇ ಮತ್ತೆ ಒಳಗೆ ಎಳೆಯುತ್ತದೆ. ಟಾಸ್ಕ್‌ಗಳಿಗೆ ಸಿಪಿಯು ಸಿಗುವುದೇ ಇಲ್ಲ, ನೋಡುವವರಿಗೆ ಇಡೀ ಬೋರ್ಡ್ ಸತ್ತಂತೆ. ಎಫ್4ರಲ್ಲಿ ಸ್ಥಿತಿ ರಿಜಿಸ್ಟರ್ ಓದಿ ನಂತರ ಡೇಟಾ ರಿಜಿಸ್ಟರ್ ಓದಿದರೆ ಗುರುತು ಅಳಿಯುತ್ತದೆ. ಎಫ್0, ಎಲ್4, ಎಫ್7 ಮೊದಲಾದವುಗಳಲ್ಲಿ ಅಳಿಸಲೆಂದೇ ಇರುವ ಬೇರೆ ರಿಜಿಸ್ಟರ್‌ಗೆ ಬರೆಯಬೇಕು. ಒಂದರ ಕೋಡನ್ನು ಇನ್ನೊಂದಕ್ಕೆ ನಕಲು ಮಾಡಿದವರು ಇಲ್ಲಿ ಎಡವುತ್ತಾರೆ.

ತಯಾರಕರ ಡ್ರೈವರ್ ಲೈಬ್ರರಿ ಬಳಸಿದರೆ ಇದರ ತದ್ವಿರುದ್ಧ. ಅಂಥ ಹಲವು ಲೈಬ್ರರಿಗಳು ಓವರ್‌ರನ್ ಕಂಡೊಡನೆ ನಡೆಯುತ್ತಿದ್ದ ಸ್ವೀಕಾರವನ್ನು ನಿಲ್ಲಿಸಿ, ಇಂಟರಪ್ಟ್ ಮುಚ್ಚಿ, ದೋಷದ ಕಾಲ್‌ಬ್ಯಾಕ್ (ಲೈಬ್ರರಿ ಕರೆಯಲೆಂದು ನೀವು ಬರೆದಿಡುವ ಫಂಕ್ಷನ್) ಒಂದನ್ನು ಕರೆಯುತ್ತವೆ. ಆ ಕಾಲ್‌ಬ್ಯಾಕ್ ನೀವು ಬರೆಯದಿದ್ದರೆ ಖಾಲಿ ಫಂಕ್ಷನ್ ಓಡುತ್ತದೆ. ಸ್ವೀಕಾರವನ್ನು ಮತ್ತೆ ಯಾರೂ ಆರಂಭಿಸುವುದಿಲ್ಲ.

ನನ್ನ ಪೆಟ್ಟಿಗೆಯ ಕಥೆ ಇದೇ. ಕೌಂಟರ್‌ಗಳನ್ನು ಇಟ್ಟ ಮರುದಿನ ನೋಡಿದರೆ ಓವರ್‌ರನ್ ಒಂದು, ಆಮೇಲೆ ಎಲ್ಲ ಎಣಿಕೆಯೂ ಸ್ತಬ್ಧ. ಬಿಡುಗಡೆಯ ಬಿಲ್ಡ್‌ನಲ್ಲಿ ಮಾತ್ರ ಘಟನೆಗಳ ಲಾಗ್ ಒಳಗಿನ ಫ್ಲ್ಯಾಶ್‌ಗೆ ಹೋಗುತ್ತಿತ್ತು. ಅದರ ಸೆಕ್ಟರ್ ತುಂಬಲು ಒಂದು ದಿನಕ್ಕಿಂತ ತುಸು ಹೆಚ್ಚು ಹಿಡಿಯುತ್ತಿತ್ತು. ತುಂಬಿದಾಗ ಅಳಿಸುವಿಕೆ, ಸಿಪಿಯು ಸ್ತಂಭನ, ಅದೇ ವೇಳೆ ಬಂದ ಆದೇಶದ ಎರಡನೇ ಬೈಟ್‌ಗೆ ಓವರ್‌ರನ್, ಲೈಬ್ರರಿಯಿಂದ ಸ್ವೀಕಾರ ಸ್ಥಗಿತ. ಮೇಜಿನ ಮೇಲಿನ ಡೀಬಗ್ ಬಿಲ್ಡ್‌ನಲ್ಲಿ ಲಾಗ್ ಬರೆಯುವುದನ್ನು ನಾನೇ ಆಫ್ ಮಾಡಿದ್ದೆ. ಹಿಗ್ಗಿಸಿದ ಬಫರ್, ಇಳಿಸಿದ ಬಾಡ್, ಏರಿಸಿದ ಆದ್ಯತೆ ಯಾವುದಕ್ಕೂ ಈ ಸರಣಿಯಲ್ಲಿ ಪಾತ್ರವೇ ಇರಲಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ರೋಗವಿದೆ. ಕೆಲವು ಲೈಬ್ರರಿಗಳ ಹಳೆಯ ಆವೃತ್ತಿಗಳಲ್ಲಿ ಕಳುಹಿಸುವುದಕ್ಕೂ ಸ್ವೀಕರಿಸುವುದಕ್ಕೂ ಒಂದೇ ಬೀಗ. ಟಾಸ್ಕ್ ಕಳುಹಿಸುವ ಫಂಕ್ಷನ್ ಒಳಗೆ ಬೀಗ ಹಿಡಿದಿರುವ ಕೆಲವೇ ಸೂಚನೆಗಳ ಅವಧಿಯಲ್ಲಿ ಸ್ವೀಕಾರದ ಇಂಟರಪ್ಟ್ ಬಂದು, ಅದರ ಕಾಲ್‌ಬ್ಯಾಕ್ ಮುಂದಿನ ಬೈಟ್‌ಗಾಗಿ ಮತ್ತೆ ಸ್ವೀಕಾರ ಆರಂಭಿಸಲು ಹೋದರೆ 'ಬಿಡುವಿಲ್ಲ' ಎಂಬ ಉತ್ತರ ಮರಳುತ್ತದೆ. ಆ ಉತ್ತರವನ್ನು ಯಾರೂ ನೋಡುವುದಿಲ್ಲ. ಸ್ವೀಕಾರ ಅಲ್ಲಿಗೆ ಮುಗಿಯಿತು. ಮರಳುವ ಮೌಲ್ಯವನ್ನು ಪರೀಕ್ಷಿಸಿ, ವಿಫಲವಾದರೆ ಗುರುತು ಹಾಕಿ, ಟಾಸ್ಕ್‌ನಿಂದ ಮತ್ತೆ ಆರಂಭಿಸಿ.

ಬಫರ್‌ನಿಂದ ಟಾಸ್ಕ್‌ವರೆಗೆ

ಉತ್ತರ ಬರುವುದೇನೋ ಬರುತ್ತದೆ, ಆದರೆ ಪ್ರತಿ ಸಲ ಟಿಕ್‌ನಷ್ಟು (ಕರ್ನಲ್ ಗಡಿಯಾರದ ಒಂದು ಬಡಿತದಷ್ಟು) ತಡ: ಟಿಕ್ 1000 ಹರ್ಟ್ಸ್ ಇದ್ದರೆ 1 ಮಿಲಿಸೆಕೆಂಡ್‌ವರೆಗೆ, 100 ಹರ್ಟ್ಸ್ ಇದ್ದರೆ 10ರವರೆಗೆ. ಹೀಗಿದ್ದರೆ ಹ್ಯಾಂಡ್ಲರ್‌ನ ಕೊನೆಯಲ್ಲಿ 'ಯೀಲ್ಡ್‌ಫ್ರಮ್‌ಐಎಸ್‌ಆರ್' ಮರೆತಿದ್ದೀರಿ. ಟಾಸ್ಕ್ ಸಿದ್ಧವಾಗಿದೆ, ಆದರೆ ಅದಕ್ಕೆ ಬದಲಿಸಲು ಕರ್ನಲ್ ಮುಂದಿನ ಟಿಕ್‌ಗೆ ಕಾಯುತ್ತಿದೆ. ಆ ಕರೆಗೆ ಕೊಡುವ ಚರವನ್ನು ಹ್ಯಾಂಡ್ಲರ್‌ನ ಆರಂಭದಲ್ಲಿ ಸುಳ್ಳು ಎಂದು ಹೊಂದಿಸಿರಬೇಕು; ಕರ್ನಲ್ ಅದನ್ನು ನಿಜ ಮಾಡುತ್ತದೆಯೇ ಹೊರತು ಸುಳ್ಳು ಮಾಡುವುದಿಲ್ಲ.

ಟಾಸ್ಕ್ ನೋಟಿಫಿಕೇಶನ್ ಬಳಸುವವರು ಒಂದು ಎಚ್ಚರಕ್ಕೆ ಒಂದೇ ಬೈಟ್ ತೆಗೆಯುವ ತಪ್ಪು ಮಾಡುತ್ತಾರೆ. ಟಾಸ್ಕ್ ಏಳುವುದರೊಳಗೆ ಮೂರು ಬೈಟ್ ಬಂದು ಮೂರು ಸೂಚನೆಗಳೂ ಒಂದಾಗಿ ಬೆರೆತಿರಬಹುದು. ಎದ್ದ ಮೇಲೆ ಬಫರ್ ಖಾಲಿಯಾಗುವವರೆಗೂ ತೆಗೆಯಬೇಕು. 'ಯಾವಾಗಲೂ ಎರಡು ಬೈಟ್ ಹಿಂದೆ ಉಳಿಯುತ್ತದೆ, ಹೊಸದು ಬಂದಾಗ ಹಳೆಯದು ಹೊರಬರುತ್ತದೆ' ಎನ್ನುವವರ ದೋಷ ಇದು.

ಬೈಟ್‌ಗೊಂದರಂತೆ ಕ್ಯೂಗೆ ಹಾಕುವುದು ಪಾಠದಲ್ಲಿ ಚೆನ್ನ, ಕೆಲಸದಲ್ಲಿ ದುಬಾರಿ. ಸೆಕೆಂಡಿಗೆ 11520 ಸಲ ಕರ್ನಲ್‌ನ ಬಾಗಿಲು ತಟ್ಟಬೇಕಾಗುತ್ತದೆ. ಫ್ರೀಆರ್‌ಟಿಓಎಸ್ 10ನೇ ಆವೃತ್ತಿಯಿಂದ ಇರುವ ಸ್ಟ್ರೀಮ್ ಬಫರ್ ಇದಕ್ಕೆ ತಕ್ಕದ್ದು, ಬರೆಯುವವರು ಒಬ್ಬರೇ ಓದುವವರು ಒಬ್ಬರೇ ಎಂಬ ಷರತ್ತು ಪಾಲಿಸಿದರೆ.

ಸ್ವಂತ ರಿಂಗ್ ಬಫರ್ ಬರೆದಿದ್ದು, ಆಪ್ಟಿಮೈಸೇಶನ್ ಹಾಕಿದಾಗ ಮಾತ್ರ ಕೆಟ್ಟರೆ ಎರಡು ಕಡೆ ನೋಡಿ. ಹ್ಯಾಂಡ್ಲರ್ ಬದಲಿಸುವ ಸೂಚ್ಯಂಕಕ್ಕೆ 'ವೊಲಾಟೈಲ್' (ಪ್ರತಿ ಸಲ ಮೆಮೊರಿಯಿಂದಲೇ ಓದಬೇಕೆಂದು ಕಂಪೈಲರ್‌ಗೆ ಹೇಳುವ ಪದ) ಇದೆಯೇ? ಬಫರ್‌ನಲ್ಲಿರುವ ಬೈಟ್‌ಗಳ ಎಣಿಕೆಯನ್ನು ಒಂದೇ ಚರದಲ್ಲಿಟ್ಟು, ಹ್ಯಾಂಡ್ಲರ್ ಏರಿಸುತ್ತಾ ಟಾಸ್ಕ್ ಇಳಿಸುತ್ತಾ ಇದೆಯೇ? ಓದು, ಬದಲಿಸು, ಬರೆ ಎಂಬ ಮೂರು ಹೆಜ್ಜೆಗಳ ನಡುವೆ ಇಂಟರಪ್ಟ್ ನುಸುಳಿದರೆ ಒಂದು ಏರಿಕೆ ಮಾಯ. ಎಣಿಕೆಯ ಚರವನ್ನೇ ತೆಗೆದುಹಾಕಿ. ತಲೆಯನ್ನು ಹ್ಯಾಂಡ್ಲರ್ ಮಾತ್ರ, ಬಾಲವನ್ನು ಟಾಸ್ಕ್ ಮಾತ್ರ ಬರೆಯಲಿ, ಉಳಿದದ್ದು ಕಳೆದು ಪಡೆಯುವ ಲೆಕ್ಕ.

ಕಳುಹಿಸುವ ಕಡೆ

ಇಲ್ಲಿ ತೊಂದರೆ ಕಡಿಮೆ. ಬಫರ್ ಖಾಲಿಯಾದ ಮೇಲೂ 'ರಿಜಿಸ್ಟರ್ ಖಾಲಿ' ಇಂಟರಪ್ಟ್ ಮುಚ್ಚದಿದ್ದರೆ ಅದು ನಿಲ್ಲದೆ ಬಡಿಯುತ್ತದೆ. ಎರಡು ಟಾಸ್ಕ್‌ಗಳ ಸಾಲುಗಳು ಹೆಣೆದುಕೊಂಡು ಬಂದರೆ ಮ್ಯೂಟೆಕ್ಸ್ ಇಲ್ಲ. ದಿಕ್ಕು ಬದಲಿಸುತ್ತಾ ಒಂದೇ ತಂತಿಜೋಡಿಯಲ್ಲಿ ಮಾತಾಡುವ ಆರ್‌ಎಸ್-485ರಲ್ಲಿ ಕೊನೆಯ ಬೈಟ್ ಕತ್ತರಿಸಿಹೋಗುತ್ತಿದ್ದರೆ, ರಿಜಿಸ್ಟರ್ ಖಾಲಿಯಾದೊಡನೆ ದಿಕ್ಕಿನ ಪಿನ್ ತಿರುಗಿಸುತ್ತಿದ್ದೀರಿ. ಆ ಹೊತ್ತಿಗೆ ಕೊನೆಯ ಬೈಟ್ ಇನ್ನೂ ಶಿಫ್ಟ್ ರಿಜಿಸ್ಟರ್‌ನಲ್ಲಿ ಇರುತ್ತದೆ. 'ಪ್ರಸರಣ ಪೂರ್ಣ' ಗುರುತಿಗೆ ಕಾಯಬೇಕು.

ಡೀಬಗರ್ ಎಂಬ ಸಾಕ್ಷಿ

ಡೀಬಗರ್‌ನಲ್ಲಿ ಪೆರಿಫೆರಲ್ ಕಿಟಕಿ ತೆರೆದಿಟ್ಟಿದ್ದರೆ ಅದು ಪ್ರತಿ ನಿಲುಗಡೆಯಲ್ಲೂ ಯುಎಆರ್‌ಟಿಯ ಡೇಟಾ ರಿಜಿಸ್ಟರನ್ನು ಓದುತ್ತದೆ, ಓದಿದೊಡನೆ 'ಬೈಟ್ ಬಂದಿದೆ' ಗುರುತು ಅಳಿಯುತ್ತದೆ. ಬೈಟ್ ಕದ್ದವನು ಸಾಕ್ಷಿಯೇ. ಬ್ರೇಕ್‌ಪಾಯಿಂಟ್‌ನಲ್ಲಿ ಸಿಪಿಯು ನಿಂತರೂ ಆಚೆಯವನು ಕಳುಹಿಸುವುದನ್ನು ನಿಲ್ಲಿಸುವುದಿಲ್ಲ, ಆದ್ದರಿಂದ ಪ್ರತಿ ಬ್ರೇಕ್‌ಪಾಯಿಂಟ್ ನಂತರ ಕಾಣುವ ಓವರ್‌ರನ್‌ಗೆ ಬೆಲೆ ಕೊಡಬೇಡಿ.

ಸ್ಟ್ಯಾಕ್ ಬಗ್ಗೆ ಒಂದು ಮಾತು. ಕಾರ್ಟೆಕ್ಸ್-ಎಂನಲ್ಲಿ ಹ್ಯಾಂಡ್ಲರ್‌ಗಳು ಓಡುವುದು ಮುಖ್ಯ ಸ್ಟ್ಯಾಕ್ ಮೇಲೆ, ಟಾಸ್ಕ್‌ಗಳದು ಬೇರೆ. ಆದರೆ ಇಂಟರಪ್ಟ್ ಬಂದ ಕ್ಷಣದಲ್ಲಿ ಹಾರ್ಡ್‌ವೇರ್ ಎತ್ತಿಡುವ 32 ಬಿಟ್‌ನ ಎಂಟು ಪದಗಳು, ಎಫ್‌ಪಿಯು (ದಶಮಾಂಶ ಲೆಕ್ಕದ ಘಟಕ) ಬಳಕೆಯಲ್ಲಿದ್ದರೆ 26 ಪದಗಳು, ಓಡುತ್ತಿದ್ದ ಟಾಸ್ಕ್‌ನ ಸ್ಟ್ಯಾಕ್‌ಗೇ ಬೀಳುತ್ತವೆ. ಬಿಗಿಯಾಗಿ ಅಳೆದ ಟಾಸ್ಕ್ ಸ್ಟ್ಯಾಕ್ ಸೀರಿಯಲ್ ದಟ್ಟಣೆ ಹೆಚ್ಚಿದಾಗ ಮಾತ್ರ ಒಡೆಯುವುದು ಇದರಿಂದ.

ಸರಿಯಾಯಿತೆಂದು ತಿಳಿಯುವುದು

ದಿನಕ್ಕೊಮ್ಮೆ ಬರುವ ದೋಷ ಎರಡು ದಿನ ಬರಲಿಲ್ಲವೆಂದರೆ ಏನೂ ಸಾಬೀತಾಗುವುದಿಲ್ಲ. ದೋಷವನ್ನು ಕರೆಸಿಕೊಳ್ಳಬೇಕು. ಪರೀಕ್ಷೆಯ ಬಿಲ್ಡ್‌ನಲ್ಲಿ, ಬೈಟ್‌ಗಳು ಎಡೆಬಿಡದೆ ಬರುತ್ತಿರುವಾಗ, ಒಂದು ಟಾಸ್ಕ್‌ನಿಂದ ಪ್ರತಿ ಸೆಕೆಂಡ್ 300 ಮೈಕ್ರೋಸೆಕೆಂಡ್ ಕಾಲ ಎಲ್ಲ ಇಂಟರಪ್ಟ್‌ಗಳನ್ನೂ ಮುಚ್ಚಿ ತೆರೆಯಿರಿ. 115200ರಲ್ಲಿ ಅಷ್ಟು ಹೊತ್ತಿಗೆ ಮೂರು ಬೈಟ್‌ಗಳು ದಾಟುತ್ತವೆ, ಓವರ್‌ರನ್ ತಪ್ಪಿಸಿಕೊಳ್ಳಲಾರದು. ಓವರ್‌ರನ್ ಕೌಂಟರ್ ಸೆಕೆಂಡಿಗೊಂದರಂತೆ ಏರಬೇಕು, ಕೆಟ್ಟ ಸಂದೇಶಗಳೂ ಸುಮಾರು ಅಷ್ಟೇ ಏರಬೇಕು, ನಡುವಿನ ಸಂದೇಶಗಳೆಲ್ಲ ಸರಿಯಾಗಿ ಬರುತ್ತಲೇ ಇರಬೇಕು. ಎಣಿಕೆ ಒಂದಕ್ಕೇ ನಿಂತರೆ ಸ್ವೀಕಾರ ಮತ್ತೆ ಆರಂಭವಾಗುತ್ತಿಲ್ಲ. ಇಡೀ ಬೋರ್ಡ್ ನಿಂತರೆ ಗುರುತು ಅಳಿಸುತ್ತಿಲ್ಲ.

ನನ್ನ ಬೋರ್ಡಿಗೆ ಮಾಡಿದ್ದು ಎರಡು ಬದಲಾವಣೆ: ದೋಷದ ಕಾಲ್‌ಬ್ಯಾಕ್‌ನಲ್ಲಿ ಸ್ವೀಕಾರವನ್ನು ಮತ್ತೆ ಆರಂಭಿಸುವ ಸಾಲು, ಮತ್ತು ಸೆಕ್ಟರ್ ಅಳಿಸುವ ಮುನ್ನ ಆಚೆಯ ಸಾಧನಕ್ಕೆ 'ಸ್ವಲ್ಪ ತಾಳು' ಎಂದು ತಿಳಿಸುವ ಒಂದು ಸಂದೇಶ. 512 ಬೈಟ್ ಬಫರನ್ನು ಮತ್ತೆ 128ಕ್ಕೆ ಇಳಿಸಿದೆ, ಬಾಡ್ ದರವನ್ನು 115200ಕ್ಕೆ ಏರಿಸಿದೆ, ಟಾಸ್ಕ್ ಆದ್ಯತೆಯನ್ನು ಮೊದಲಿದ್ದಲ್ಲಿಗೆ ತಂದೆ. ಕೌಂಟರ್‌ಗಳನ್ನು ಬಿಡುಗಡೆಯ ಬಿಲ್ಡ್‌ನಲ್ಲೂ ಉಳಿಸಿಕೊಂಡಿದ್ದೇನೆ; ಬೋರ್ಡ್ ಗಂಟೆಗೊಮ್ಮೆ ಕಳುಹಿಸುವ ಸ್ಥಿತಿ ಸಂದೇಶದ ಕೊನೆಗೆ ಅವು ಸೇರಿಕೊಂಡು ಬರುತ್ತವೆ.